ಲೈಯೋ ಲೇಯೋ, ಸೇಯೋ ಟೆಲ್ಲೋ? ಗೊಂದಲದ ಇಂಗ್ಲಿಷ್ ಕ್ರಿಯಾಪದಗಳಿಗೆ ಯಾವ ಡಿಕ್ಷನರಿ ಒಳ್ಳೇದು

ಇಂಗ್ಲಿಷಿನಲ್ಲಿ ಮೇಲ್ ಬರೆಯುವಾಗ ಜಾಸ್ತಿ ಜನ ತಡವರಿಸುವುದು ದೊಡ್ಡ ದೊಡ್ಡ ಪದಗಳಲ್ಲಿ ಅಲ್ಲ. ಸೇ ಅನ್ನಬೇಕಾ ಟೆಲ್ ಅನ್ನಬೇಕಾ, ಬಾರೋ ಯಾವಾಗ ಲೆಂಡ್ ಯಾವಾಗ, ಬೆಲೆ ರೈಸ್ ಆಯಿತೋ ರೇಯ್ಸ್ ಆಯಿತೋ, ಇಂಥ ಪುಟ್ಟ ಕ್ರಿಯಾಪದಗಳ ಹತ್ತಿರ ಬಂದಾಗ ಬೆರಳು ನಿಂತುಬಿಡುತ್ತದೆ. ಈ ರಿವ್ಯೂ ಬರೆಯುತ್ತಿರುವುದು ಆ ಒಂದು ಕೆಲಸಕ್ಕೆ ಮಾತ್ರ. ಇಂಗ್ಲಿಷ್ ಕಲಿಯುವವರಿಗೆ ಅಂತಲೇ ಮಾಡಿದ, ನೆಟ್‌ನಲ್ಲಿ ದುಡ್ಡು ಕೊಡದೆ ಸಿಗುವ ನಾಲ್ಕು ಡಿಕ್ಷನರಿಗಳಿವೆ: ಕೇಂಬ್ರಿಡ್ಜ್, ಲಾಂಗ್‌ಮನ್, ಕಾಲಿನ್ಸ್ ಕೋಬಿಲ್ಡ್, ಆಕ್ಸ್‌ಫರ್ಡ್. ನಾಲ್ಕೂ ಒಳ್ಳೆಯವೇ. ಆದರೆ ಒಂದನ್ನೊಂದು ಹೋಲುವ ಎರಡು ಕ್ರಿಯಾಪದಗಳಲ್ಲಿ ಯಾವುದನ್ನು ಆರಿಸಬೇಕು ಅಂತ ಬಂದಾಗ ನಾಲ್ಕೂ ಒಂದೇ ಥರ ಕೈ ಹಿಡಿಯುವುದಿಲ್ಲ. ನನ್ನ ಓಟು ಕೇಂಬ್ರಿಡ್ಜ್‌ಗೆ, ಅದರ ಬೆನ್ನಿಗೇ ಲಾಂಗ್‌ಮನ್.

ಮೊದಲಿಗೆ, ಬರೀ ಅರ್ಥ ಕೊಡುವ ಡಿಕ್ಷನರಿ ಈ ಕೆಲಸಕ್ಕೆ ಸಾಲುವುದಿಲ್ಲ. ಬಾರೋ, ಲೆಂಡ್ ಎರಡರಲ್ಲೂ ಸಾಲದ ವಿಷಯ ಇದೆ ಅಂತ ಎಲ್ಲರಿಗೂ ಗೊತ್ತು. ರಿಮೆಂಬರ್, ರಿಮೈಂಡ್ ಎರಡರಲ್ಲೂ ನೆನಪು ಇದೆ ಅಂತಲೂ ಗೊತ್ತು. ಅರ್ಥ ಗೊತ್ತಿದ್ದೂ ತಪ್ಪುತ್ತೇವೆ, ಯಾಕೆಂದರೆ ಬೇಕಾದದ್ದು ಬೇರೆ ಮಾಹಿತಿ. ಕೆಲಸ ಮಾಡುವವರು ಯಾರು, ಕ್ರಿಯಾಪದದ ಬೆನ್ನಿಗೆ ವ್ಯಕ್ತಿ ಬರಬೇಕಾ ವಸ್ತು ಬರಬೇಕಾ ಅಥವಾ ಏನೂ ಬರಬಾರದಾ, ಮಧ್ಯೆ ಟು ಬೇಕಾ ಬೇಡವಾ. ಇದನ್ನು ಕಣ್ಣಿಗೆ ಹೊಡೆಯುವ ಹಾಗೆ ತೋರಿಸುವ ಡಿಕ್ಷನರಿ ಗೆಲ್ಲುತ್ತದೆ.

ಕೇಂಬ್ರಿಡ್ಜ್ ತಾಣದಲ್ಲಿ ಪದ ಹುಡುಕುವ ಜಾಗದ ಜೊತೆಗೆ ಗ್ರಾಮರ್ ಅಂತ ಒಂದು ವಿಭಾಗ ಇದೆ. ತುಂಬಾ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಅದರೊಳಗೆ ಸುಲಭವಾಗಿ ಗೊಂದಲವಾಗುವ ಪದಗಳು ಅಂತಲೇ ಒಂದು ಪಟ್ಟಿ ಇದೆ, ಈ ರಿವ್ಯೂಗೆ ಕಾರಣ ಆ ಪಟ್ಟಿಯೇ. ಲೇ ಅಥವಾ ಲೈ, ಲೆಂಡ್ ಅಥವಾ ಬಾರೋ, ರೈಸ್ ಅಥವಾ ರೇಯ್ಸ್, ಸೇ ಅಥವಾ ಟೆಲ್, ಡೂ ಅಥವಾ ಮೇಕ್, ಹಿಯರ್ ಅಥವಾ ಲಿಸನ್, ಹೀಗೆ ಜೋಡಿ ಜೋಡಿಗೂ ಬೇರೆ ಬೇರೆ ಪುಟ. ಸಾಮಾನ್ಯ ಡಿಕ್ಷನರಿಯಲ್ಲಿ ಒಂದು ಪದ ಒಂದು ಕಡೆ, ಇನ್ನೊಂದು ಎಲ್ಲೋ ಇರುತ್ತದೆ, ಎರಡನ್ನೂ ತೆರೆದು ಹೋಲಿಸಿ ನೋಡುವ ಕೆಲಸ ನಮ್ಮ ತಲೆಗೇ ಬೀಳುತ್ತದೆ. ಇಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಕೂರಿಸಿ, ಬೇಕಾದ ಕಡೆ ಕ್ರಿಯಾಪದದ ರೂಪಗಳನ್ನೂ ಕೊಟ್ಟು, ಕೆಳಗೆ ಜನ ಸಾಮಾನ್ಯವಾಗಿ ಮಾಡುವ ತಪ್ಪು ವಾಕ್ಯವನ್ನೂ ಹಾಕಿ, ಹೀಗೆ ಬರೆಯಬೇಡಿ ಅಂತ ಹೇಳಿಬಿಡುತ್ತಾರೆ. ಆ ತಪ್ಪು ವಾಕ್ಯಗಳು ಸುಮ್ನೆ ಕಲ್ಪಿಸಿಕೊಂಡು ಬರೆದವುಗಳ ಹಾಗೆ ಕಾಣುವುದಿಲ್ಲ, ದಿನಾ ಆಫೀಸ್ ಮೇಲ್‌ಗಳಲ್ಲಿ ಕಾಣುವಂಥವೇ. ಕೇಂಬ್ರಿಡ್ಜ್‌ನವರ ಹತ್ತಿರ ಪರೀಕ್ಷೆ ಬರೆದ ಕಲಿಯುವವರ ಉತ್ತರಗಳನ್ನೇ ಕೂಡಿಸಿದ ದೊಡ್ಡ ಸಂಗ್ರಹ ಇದೆ. ಜನ ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಗೊತ್ತು.

ಈಗ ಲೈ, ಲೇ ಜೋಡಿಯನ್ನೇ ಹತ್ತಿರದಿಂದ ನೋಡೋಣ, ಇದಕ್ಕಿಂತ ಕಾಡುವ ಜೋಡಿ ಇನ್ನೊಂದಿಲ್ಲ. ಲೈ ಅಂದರೆ ಮಲಗು, ಬಿದ್ದುಕೊಂಡಿರು. ಅದರ ರೂಪಗಳು ಲೈ, ಲೇ, ಲೇನ್. ಲೇ ಅಂದರೆ ಇಡು, ಮಲಗಿಸು. ಅದರ ರೂಪಗಳು ಲೇ, ಲೇಡ್, ಲೇಡ್. ತೊಂದರೆ ಎಲ್ಲಿದೆ ನೋಡಿ: ಮೊದಲನೆಯದರ ಭೂತಕಾಲ, ಎರಡನೆಯದರ ವರ್ತಮಾನಕಾಲ, ಎರಡೂ ಲೇ. ಇದು ಸಾಲದು ಅಂತ ಸುಳ್ಳು ಹೇಳು ಅನ್ನುವ ಇನ್ನೊಂದು ಲೈ ಬೇರೆ, ಅದು ಲೈ, ಲೈಡ್, ಲೈಡ್. ಅಂದರೆ ‘ನಿನ್ನೆ ಸ್ವಲ್ಪ ಹೊತ್ತು ಮಲಗಿದ್ದೆ’ ಅನ್ನಲು ‘ಐ ಲೇ ಡೌನ್’. ‘ಮಗುವನ್ನು ಹಾಸಿಗೆ ಮೇಲೆ ಮಲಗಿಸಿದಳು’ ಅನ್ನಲು ‘ಶಿ ಲೇಡ್ ದ ಬೇಬಿ ಆನ್ ದ ಬೆಡ್’. ‘ಐ ಲೈಡ್’ ಅಂತ ಬರೆದರೆ ನಾನು ಸುಳ್ಳು ಹೇಳಿದೆ ಅಂತಲೇ ಅರ್ಥ, ಹಾಸಿಗೆಗೂ ಅದಕ್ಕೂ ಸಂಬಂಧ ಇಲ್ಲ. ಕೇಂಬ್ರಿಡ್ಜ್ ಪುಟದಲ್ಲಿ ಇದು ಒಂದೇ ನೋಟಕ್ಕೆ ಸಿಗುತ್ತದೆ. ಬೇರೆ ಕಡೆ ಎಷ್ಟೋ ಸಲ ಒಂದಕ್ಕಿಂತ ಹೆಚ್ಚು ಪುಟ ತಿರುವಬೇಕು.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ದೊಡ್ಡ ಅನುಕೂಲ ಇದೆ, ಆದರೆ ಈ ಡಿಕ್ಷನರಿಗಳಲ್ಲಿ ಯಾವುದೂ ಅದನ್ನು ಹೇಳಿಕೊಡುವುದಿಲ್ಲ. ನಮ್ಮಲ್ಲಿ ಮಲಗು, ಮಲಗಿಸು. ಏರು, ಏರಿಸು. ಕೂರು, ಕೂರಿಸು. ಬೀಳು, ಬೀಳಿಸು. ಕಲಿ, ಕಲಿಸು. ಶಾಲೆಯಲ್ಲಿ ಪ್ರೇರಣಾರ್ಥಕ ಅಂತ ಓದಿದ್ದು ಇದನ್ನೇ. ಇಂಗ್ಲಿಷಿನ ಲೈ ಮತ್ತು ಲೇ, ರೈಸ್ ಮತ್ತು ರೇಯ್ಸ್, ಸಿಟ್ ಮತ್ತು ಸೆಟ್ ಜೋಡಿಗಳೂ ಹುಟ್ಟಿನಿಂದ ಇದೇ ಥರದವು. ಒಂದು ತಾನಾಗಿ ಆಗುವುದು, ಇನ್ನೊಂದು ಮಾಡಿಸುವುದು. ಹಳೆಯ ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಬೇಕಾದಷ್ಟಿದ್ದವು. ರೇಯ್ಸ್ ಮಾತ್ರ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದು ಸೇರಿಕೊಂಡಿದ್ದು, ಅಲ್ಲೂ ಅದು ಏಳಿಸು ಅನ್ನುವ ರೂಪವೇ. ಮಳೆಯಲ್ಲಿ ತೊಯ್ದು ತೊಪ್ಪೆಯಾಗುವುದಕ್ಕೆ ಬಳಸುವ ಡ್ರೆಂಚ್ ಕೂಡ ಮೊದಲು ಡ್ರಿಂಕ್‌ನ ಜೋಡಿಯಾಗಿತ್ತು, ಕುಡಿ ಮತ್ತು ಕುಡಿಸು. ಮರ ಕಡಿದು ಬೀಳಿಸುವುದಕ್ಕೆ ಫೆಲ್ ಅನ್ನುತ್ತಾರಲ್ಲ, ಅದು ಫಾಲ್‌ನ ಜೋಡಿ. ಇದರ ಭೂತಕಾಲ ಫೆಲ್ಡ್. ಬೀಳು ಅನ್ನುವುದರ ಭೂತಕಾಲವೂ ಫೆಲ್ ಆಗಿರುವುದರಿಂದ ‘ದ ಟ್ರೀ ಫೆಲ್’ ಅಂದರೆ ಮರ ಬಿತ್ತು, ‘ದೇ ಫೆಲ್ಡ್ ದ ಟ್ರೀ’ ಅಂದರೆ ಮರ ಉರುಳಿಸಿದರು.

ಹಾಗಾಗಿ ‘ಬೆಲೆ ಏರಿತು’ ಅಂತ ಕನ್ನಡದಲ್ಲಿ ಹೇಳುವ ಕಡೆ ರೋಸ್. ‘ಬೆಲೆ ಏರಿಸಿದರು’ ಅನ್ನುವ ಕಡೆ ರೇಯ್ಸ್ಡ್. ಕನ್ನಡದ ವಾಕ್ಯದಲ್ಲಿ ‘ಇಸು’ ಬರುತ್ತದಾ ಅಂತ ನೋಡಿದರೆ ಈ ಜೋಡಿಗಳ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಲೇ ಪದಕ್ಕೆ ಇಡು ಅನ್ನುವುದನ್ನೂ ಸೇರಿಸಿಕೊಂಡರೆ ಇನ್ನೂ ಸುಲಭ. ಕೋಳಿ ಮೊಟ್ಟೆ ಇಡುತ್ತದೆ, ಇಂಗ್ಲಿಷಿನಲ್ಲೂ ಅಲ್ಲಿ ಬರುವುದು ಲೇ.

ಈ ವಿಷಯ ಗೊತ್ತಿದ್ದವರಿಗೆ ಲಾಂಗ್‌ಮನ್ ಡಿಕ್ಷನರಿ ತುಂಬಾ ಹಿಡಿಸುತ್ತದೆ. ಇದು ಮೊದಲು ಬಂದದ್ದು 1978ರಲ್ಲಿ. ಅರ್ಥ ವಿವರಿಸಲು ಸುಮಾರು 2000 ಸರಳ ಪದಗಳಷ್ಟೇ ಬಳಸುತ್ತೇವೆ ಅನ್ನುವ ನಿಯಮ ಹಾಕಿಕೊಂಡು ಮಾಡಿದ ಡಿಕ್ಷನರಿ ಇದು, ಆ ಶಿಸ್ತು ಈಗಲೂ ಕಾಣುತ್ತದೆ. ಒಂದು ಪದದ ಅರ್ಥ ಓದಲು ಇನ್ನೊಂದು ಪದ ಹುಡುಕಬೇಕಾಗುವ ಕಿರಿಕಿರಿ ಇಲ್ಲಿ ಕಡಿಮೆ. ಪ್ರತಿ ಕ್ರಿಯಾಪದದ ಪಕ್ಕ ಅದು ಸಕರ್ಮಕವೋ ಅಕರ್ಮಕವೋ ಅಂತ ಪೂರ್ತಿ ಪದದಲ್ಲೇ ಬರೆದಿರುತ್ತಾರೆ, ಒಂದಕ್ಷರದ ಗುರುತು ಹಾಕಿ ಬಿಡುವುದಿಲ್ಲ. ಸಕರ್ಮಕ ಅಂದರೆ ‘ಏನನ್ನು, ಯಾರನ್ನು’ ಅಂತ ಕೇಳಿದರೆ ವಾಕ್ಯದಲ್ಲಿ ಉತ್ತರ ಸಿಗಬೇಕು, ಶಾಲೆಯಲ್ಲಿ ಕಲಿತ ಅದೇ ಪಾಠ. ರೇಯ್ಸ್ ಸಕರ್ಮಕ, ಏನನ್ನು ಏರಿಸಿದರು ಅಂತ ಹೇಳಲೇಬೇಕು. ರೈಸ್ ಅಕರ್ಮಕ, ಅಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅರ್ಥ ಓದುವುದಕ್ಕೂ ಮುಂಚೆ ಈ ಗುರುತನ್ನು ನೋಡುವುದು ರೂಢಿಯಾದರೆ ಆಯ್ಕೆ ಎಷ್ಟೋ ಸಲ ಅಲ್ಲೇ ಮುಗಿದುಹೋಗುತ್ತದೆ.

ಲಾಂಗ್‌ಮನ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಧ್ವನಿ. ಪದವನ್ನು ಮಾತ್ರ ಅಲ್ಲ, ಉದಾಹರಣೆ ವಾಕ್ಯಗಳನ್ನೂ ಓದಿ ಕೇಳಿಸುತ್ತಾರೆ. ಇದು ಯಾಕೆ ಬೇಕು ಅಂದರೆ ಕೆಲವು ಜೋಡಿಗಳು ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತವೆ. ಕಳೆದುಕೊಳ್ಳು ಅನ್ನುವ ಲೂಸ್, ಸಡಿಲ ಅನ್ನುವ ಲೂಸ್, ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಕಳೆದುಕೊಳ್ಳುವುದಕ್ಕೆ ಒಂದೇ ಓ, ಕೊನೆಯಲ್ಲಿ ಝೇಂಕಾರದ ಹಾಗೆ ಕೇಳುವ ಸದ್ದು. ಸಡಿಲಕ್ಕೆ ಎರಡು ಓ, ಕೊನೆಯಲ್ಲಿ ಬರೀ ಸ್. ಪಂದ್ಯ ಸೋಲುವುದರ ಬಗ್ಗೆ ಬರೆಯುವಾಗ ಎರಡು ಓ ಹಾಕುವವರು ಎಷ್ಟು ಜನ ಇದ್ದಾರೆ ಅಂತ ಯಾವ ಕ್ರಿಕೆಟ್ ಚರ್ಚೆಯ ಕೆಳಗೆ ನೋಡಿದರೂ ಗೊತ್ತಾಗುತ್ತದೆ. ಎರಡು ಸಲ ಕೇಳಿಸಿಕೊಂಡರೆ ವ್ಯತ್ಯಾಸ ಕಿವಿಯಲ್ಲಿ ಕೂರುತ್ತದೆ.

ಸೇ, ಟೆಲ್ ವಿಷಯಕ್ಕೆ ಬಂದರೆ ನಾಲ್ಕೂ ಡಿಕ್ಷನರಿ ಚೆನ್ನಾಗಿಯೇ ಹೇಳುತ್ತವೆ. ಟೆಲ್ ಆದಮೇಲೆ ಯಾರಿಗೆ ಅನ್ನುವುದು ತಕ್ಷಣ ಬರಬೇಕು, ‘ಹಿ ಟೋಲ್ಡ್ ಮಿ’. ಸೇ ಆದಮೇಲೆ ಹೇಳಿದ ಮಾತು ಬರುತ್ತದೆ, ವ್ಯಕ್ತಿ ಬೇಕಾದರೆ ಮಧ್ಯೆ ಟು ಹಾಕಬೇಕು. ‘ಹಿ ಟೋಲ್ಡ್ ದಟ್’ ಅಂತ ಶುರುವಾಗುವ ವಾಕ್ಯ ನಮ್ಮಲ್ಲಿ ವಿಪರೀತ ಓಡಾಡುತ್ತದೆ, ಅಲ್ಲಿ ಟೋಲ್ಡ್ ಆದಮೇಲೆ ಒಬ್ಬ ವ್ಯಕ್ತಿ ಬೇಕು, ಇಲ್ಲವಾದರೆ ಸೆಡ್ ಹಾಕಬೇಕು. ಜೊತೆಗೆ ಸುಳ್ಳು, ನಿಜ, ಕಥೆ, ಇವುಗಳನ್ನು ಹೇಳುವುದಕ್ಕೆ ಯಾವಾಗಲೂ ಟೆಲ್. ಇಷ್ಟೇ.

ಕಾಲಿನ್ಸ್ ಕೋಬಿಲ್ಡ್‌ನ ಕಥೆ ಬೇರೆ. 1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ಮುಂದಾಳತ್ವದಲ್ಲಿ ಬಂದ ಡಿಕ್ಷನರಿ ಇದು. ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿ ಕೂಡಿಹಾಕಿ, ಅದನ್ನು ನೋಡಿಕೊಂಡೇ ಅರ್ಥ ಬರೆದರು. ಇದರ ವಿಶೇಷ ಏನೆಂದರೆ ಅರ್ಥವನ್ನು ಪೂರ್ತಿ ವಾಕ್ಯದಲ್ಲಿ ಹೇಳುವುದು. ನೀವು ಒಬ್ಬರಿಗೆ ಹೀಗೆ ಮಾಡಿದರೆ ಇಂಥದ್ದು ಆಗುತ್ತದೆ ಅನ್ನುವ ಧಾಟಿ. ಇದರಿಂದ ಯಾರು, ಯಾರನ್ನು, ಏನನ್ನು ಅನ್ನುವುದೆಲ್ಲ ಅರ್ಥದ ಒಳಗೇ ಬಂದುಬಿಡುತ್ತದೆ. ರಾಬ್ ಮತ್ತು ಸ್ಟೀಲ್ ಜೋಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ರಾಬ್ ಮಾಡುವುದು ಮನುಷ್ಯನನ್ನು ಅಥವಾ ಬ್ಯಾಂಕನ್ನು, ಸ್ಟೀಲ್ ಮಾಡುವುದು ಪರ್ಸ್ ಅನ್ನು. ನಾವು ‘ಅವನನ್ನು ದೋಚಿದರು, ಅವನ ಪರ್ಸ್ ಕದ್ದರು’ ಅನ್ನುವ ಹಾಗೆಯೇ. ‘ದೇ ರಾಬ್ಡ್ ಮೈ ಫೋನ್’ ಅಂತ ಬರೆದರೆ ಪಾಪ ಫೋನನ್ನೇ ಅಡ್ಡಗಟ್ಟಿ ದೋಚಿದ ಹಾಗಾಗುತ್ತದೆ.

ಆದರೆ ಕಾಲಿನ್ಸ್ ತಾಣದ ಪುಟ ಉದ್ದ ಜಾಸ್ತಿ, ಅದೇ ತೊಂದರೆ. ಒಂದು ಪದ ಹುಡುಕಿದರೆ ಮೇಲೆ ಕೋಬಿಲ್ಡ್, ಅದರ ಕೆಳಗೆ ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಮಾಡಿದ ಇನ್ನೊಂದು ಡಿಕ್ಷನರಿ, ಅದರ ಕೆಳಗೆ ಅಮೆರಿಕನ್ ಡಿಕ್ಷನರಿ, ಎಲ್ಲ ಒಂದರ ಕೆಳಗೊಂದು. ಕಲಿಯುವವರು ಕೆಳಕ್ಕೆ ಇಳಿಯುತ್ತಾ ಹೋದರೆ ದಾರಿ ತಪ್ಪುವುದು ಖಂಡಿತ. ಕೋಬಿಲ್ಡ್ ಭಾಗ ಮುಗಿದ ಕೂಡಲೇ ನಿಲ್ಲಿಸಿಬಿಡಿ, ಕೆಳಗಿನದ್ದು ಈ ಕೆಲಸಕ್ಕೆ ಬೇಕಾಗಿಲ್ಲ.

ಆಕ್ಸ್‌ಫರ್ಡ್‌ದು ಈ ಗುಂಪಿನ ಹಿರಿಯ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಮತ್ತು ಅವರ ಜೊತೆಗಾರರು ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನು ಹೊರತಂದರು. ತರಗತಿಯಲ್ಲಿ ಕೂತ ವಿದ್ಯಾರ್ಥಿಗಳಿಗೆ ಏನು ಬೇಕು ಅಂತ ನೋಡಿ ಮಾಡಿದ್ದು ಅನ್ನುವುದು ಅದರ ರಚನೆಯಲ್ಲೇ ಗೊತ್ತಾಗುತ್ತದೆ. ಯಾವ ಕ್ರಿಯಾಪದ ಯಾವ ಅಚ್ಚಿನ ವಾಕ್ಯದಲ್ಲಿ ಕೂರುತ್ತದೆ ಅನ್ನುವುದಕ್ಕೆ ಹಾರ್ನ್‌ಬಿ ಮೊದಲಿನಿಂದಲೂ ಒತ್ತು ಕೊಟ್ಟರು, ಈಗಿನ ತಾಣದಲ್ಲೂ ಉದಾಹರಣೆಗಳ ಮುಂದೆ ಆ ಅಚ್ಚನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ರಿಮೈಂಡ್ ತೆರೆದು ನೋಡಿ. ಒಬ್ಬರಿಗೆ ಒಂದು ಕೆಲಸ ಮಾಡಲು ನೆನಪಿಸು ಅನ್ನುವ ಅಚ್ಚು ಬೇರೆ, ಒಬ್ಬರಿಗೆ ಒಂದು ವಿಷಯದ ಬಗ್ಗೆ ನೆನಪಿಸು ಅನ್ನುವ ಅಚ್ಚು ಬೇರೆ, ಎರಡೂ ಸಿಗುತ್ತವೆ. ರಿಮೆಂಬರ್ ಅಂದರೆ ತನಗೆ ತಾನೇ ನೆನಪಿಟ್ಟುಕೊಳ್ಳುವುದು, ರಿಮೈಂಡ್ ಅಂದರೆ ಬೇರೆಯವರಿಗೆ ನೆನಪಿಸುವುದು. ಇಲ್ಲೂ ಅದೇ ‘ಇಸು’.

ಬರೀ ಜೋಡಿ ಪದಗಳ ಗೊಂದಲ ಬಿಡಿಸುವುದಕ್ಕೆ ಮಾತ್ರ ಆಕ್ಸ್‌ಫರ್ಡ್ ಸ್ವಲ್ಪ ನಿಧಾನ ಅನ್ನಿಸುತ್ತದೆ. ಮಾಹಿತಿ ಎಲ್ಲ ಇದೆ, ಹುಡುಕಿ ತೆಗೆಯಬೇಕು.

ಇನ್ನು ನಾಲ್ಕಕ್ಕೂ ಸೇರಿದ ಒಂದು ಕೊರತೆ. ಇವು ಇಡೀ ಜಗತ್ತಿನ ಕಲಿಯುವವರಿಗಾಗಿ ಮಾಡಿದವು. ಕನ್ನಡದಿಂದ ಹೋದವರು ಎಲ್ಲಿ ಮುಗ್ಗರಿಸುತ್ತಾರೆ ಅಂತ ಅವಕ್ಕೆ ಗೊತ್ತಾಗುವುದು ಹೇಗೆ? ನಮ್ಮ ಕೇಳು ಒಂದೇ ಪದ, ಇಂಗ್ಲಿಷಿನಲ್ಲಿ ಆಸ್ಕ್, ಹಿಯರ್, ಲಿಸನ್ ಮೂರು. ಹಿಯರ್, ಲಿಸನ್ ಪುಟ ಸಿಗುತ್ತದೆ. ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟರೆ ಲಿಸನ್, ಲಿಸನ್ ಜೊತೆ ಟು. ಆದರೆ ಆಸ್ಕ್ ಅನ್ನು ಅವರು ಈ ಗುಂಪಿಗೆ ಸೇರಿಸುವುದಿಲ್ಲ, ಸೇರಿಸಬೇಕಾದವರು ನಾವೇ. ಹಾಗೆಯೇ ಬಟ್ಟೆ ಹಾಕಿಕೊಳ್ಳುವುದು. ‘ಶರ್ಟ್ ಹಾಕಿಕೊಳ್ಳುತ್ತಿದ್ದಾನೆ’ ಅಂದರೆ ಪುಟ್ಟಿಂಗ್ ಆನ್, ಕೈ ತೋಳಿನೊಳಗೆ ಹೋಗುತ್ತಿದೆ. ‘ಶರ್ಟ್ ಹಾಕಿಕೊಂಡಿದ್ದಾನೆ’ ಅಂದರೆ ವೇರಿಂಗ್, ಆಗಲೇ ಮೈಮೇಲಿದೆ. ಕನ್ನಡ ಒಂದೇ ಕ್ರಿಯಾಪದದ ಬಾಲ ಬದಲಿಸಿ ಹೇಳುವುದನ್ನು ಇಂಗ್ಲಿಷ್ ಪದವನ್ನೇ ಬದಲಿಸಿ ಹೇಳುತ್ತದೆ. ನೋಡು ಅನ್ನುವುದಕ್ಕೆ ಸೀ, ಲುಕ್, ವಾಚ್ ಮೂರೂ ಇವೆ. ಕಣ್ಣಿಗೆ ಬಿದ್ದರೆ ಸೀ, ಕಣ್ಣು ಹಾಯಿಸಿದರೆ ಲುಕ್ ಆಟ್, ನಡೆಯುತ್ತಿರುವುದನ್ನು ಕೂತು ನೋಡಿದರೆ ವಾಚ್. ಕೇಂಬ್ರಿಡ್ಜ್ ಈ ಮೂರನ್ನೂ ಒಟ್ಟಿಗೆ ಇಟ್ಟಿದೆ, ಅದಕ್ಕೆ ಇನ್ನೊಂದು ಅಂಕ.

ಮಾಡು ಅನ್ನುವುದೂ ಹೀಗೇ, ಅಲ್ವಾ? ಎಲ್ಲಕ್ಕೂ ಮಾಡು ಸಾಕು ನಮಗೆ. ಇಂಗ್ಲಿಷಿನಲ್ಲಿ ಹೋಮ್‌ವರ್ಕ್ ಡೂ, ತಪ್ಪು ಮೇಕ್. ಹೊಸದೊಂದು ಹುಟ್ಟುವ ಕಡೆ ಮೇಕ್, ಕೆಲಸ ನಡೆಸುವ ಕಡೆ ಡೂ ಅನ್ನುವ ಸೂತ್ರ ಸ್ವಲ್ಪ ದೂರ ಬರುತ್ತದೆ, ಪೂರ್ತಿ ಬರುವುದಿಲ್ಲ. ಇದನ್ನು ಜೊತೆಪದಗಳ, ಅಂದರೆ ಒಟ್ಟಿಗೇ ಬರುವ ಪದಗಳ ಸಮೇತ ಬಾಯಿಪಾಠ ಮಾಡುವುದೇ ದಾರಿ, ಅದಕ್ಕೆ ಲಾಂಗ್‌ಮನ್‌ನ ಜೊತೆಪದಗಳ ಪೆಟ್ಟಿಗೆಗಳು ಒಳ್ಳೆಯವು.

ಇಷ್ಟೆಲ್ಲ ಯಾಕೆ, ಬರೆದದ್ದನ್ನು ತಿದ್ದುವ ಸಾಫ್ಟ್‌ವೇರ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಕಾಗುಣಿತ ತಪ್ಪಿದರೆ, ಎಸ್ ಬಿಟ್ಟುಹೋದರೆ ಅವು ಚೆನ್ನಾಗಿ ಹಿಡಿಯುತ್ತವೆ. ಆದರೆ ಗೊಂದಲದ ಕ್ರಿಯಾಪದಗಳಲ್ಲಿ ಎರಡೂ ಸರಿಯಾದ ಪದಗಳೇ, ಕೆಲವು ಸಲ ಎರಡೂ ವಾಕ್ಯಗಳು ಸರಿಯೇ. ‘ಪ್ಲೀಸ್ ರಿಮೆಂಬರ್ ಮಿ’ ಅಂದರೆ ದಯವಿಟ್ಟು ನನ್ನನ್ನು ಮರೆಯಬೇಡಿ ಅಂತ, ವಾಕ್ಯದಲ್ಲಿ ಒಂದು ದೋಷವೂ ಇಲ್ಲ. ನಿಮಗೆ ಬೇಕಾಗಿದ್ದದ್ದು ನೆನಪಿಸಿ ಅಂತ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಯಾವುದು ಅಂತ ಆ ಒಂದು ವಾಕ್ಯದಿಂದ ಸಾಫ್ಟ್‌ವೇರ್ ಹೇಗೆ ಹೇಳಬೇಕು? ಅಫೆಕ್ಟ್, ಎಫೆಕ್ಟ್‌ನಲ್ಲೂ ಇದೇ ಪಾಡು. ಪರಿಣಾಮ ಬೀರುವುದು ಅಫೆಕ್ಟ್, ಪರಿಣಾಮ ಅನ್ನುವ ನಾಮಪದ ಎಫೆಕ್ಟ್. ಆದರೆ ಎಫೆಕ್ಟ್ ಅಪರೂಪಕ್ಕೆ ಕ್ರಿಯಾಪದವೂ ಆಗುತ್ತದೆ, ಆಗ ಅದರ ಅರ್ಥ ಬದಲಾವಣೆಯನ್ನು ಜಾರಿಗೆ ತರುವುದು. ಬದಲಾವಣೆಯ ಮೇಲೆ ಪರಿಣಾಮ ಬೀರಿದರೋ ಬದಲಾವಣೆಯನ್ನೇ ತಂದರೋ, ಬರೆದವರಿಗೆ ಮಾತ್ರ ಗೊತ್ತು.

ಕೇಂಬ್ರಿಡ್ಜ್ ಬಗ್ಗೆ ತಕರಾರುಗಳೂ ಇವೆ. ಆ ಪಟ್ಟಿಯಲ್ಲಿ ಕ್ರಿಯಾಪದಗಳನ್ನು ಬೇರೆ ಮಾಡಿಲ್ಲ. ಅಬವ್, ಓವರ್ ಥರದ ಪದಗಳ ಜೊತೆಗೇ ಅಕ್ಷರಮಾಲೆಯ ಕ್ರಮದಲ್ಲಿ ಕಲಸಿಹೋಗಿವೆ. ಯಾವುದು ದಿನಾ ಬೇಕು, ಯಾವುದು ಅಪರೂಪ ಅಂತ ತಿಳಿಯುವುದಿಲ್ಲ. ಉಚಿತ ತಾಣ ಆದ್ದರಿಂದ ಜಾಹೀರಾತುಗಳಿವೆ, ಮೊಬೈಲಿನಲ್ಲಿ ಓದುವಾಗ ಅವು ಅಡ್ಡ ಬರುತ್ತವೆ. ಹಾಗೆಯೇ ಫೈಂಡ್‌ನ ಭೂತಕಾಲ ಫೌಂಡ್, ಸಂಸ್ಥೆ ಸ್ಥಾಪಿಸುವ ಫೌಂಡ್‌ನ ಭೂತಕಾಲ ಫೌಂಡೆಡ್, ಈ ಥರ ಒಂದರ ಭೂತಕಾಲ ಇನ್ನೊಂದರ ಮೂಲರೂಪ ಆಗುವ ಪದಗಳನ್ನೆಲ್ಲ ಒಂದು ಕಡೆ ಕೂಡಿಸಿ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಇಷ್ಟಿದ್ದರೂ ಈ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಲಾಂಗ್‌ಮನ್‌ಗೆ ನಾಲ್ಕು, ಉಳಿದೆರಡಕ್ಕೆ ಮೂರೂವರೆ.

ಎಲ್ಲಿಂದ ಶುರು ಮಾಡಬೇಕು ಅನ್ನುವವರಿಗೆ: ಲೆಂಡ್ ಮತ್ತು ಬಾರೋ, ಸೇ ಮತ್ತು ಟೆಲ್, ರಿಮೆಂಬರ್ ಮತ್ತು ರಿಮೈಂಡ್ ಪುಟಗಳನ್ನು ಮೊದಲು ಓದಿ, ಇವು ದಿನಾ ಬರುತ್ತವೆ, ತಪ್ಪಿದರೆ ಎದುರಿನವರಿಗೆ ಅರ್ಥವೇ ತಲೆಕೆಳಗಾಗುತ್ತದೆ. ಕೊಡುವವರು ಲೆಂಡ್ ಮಾಡುತ್ತಾರೆ, ತಗೊಳ್ಳುವವರು ಬಾರೋ ಮಾಡುತ್ತಾರೆ, ಇಲ್ಲಿ ಪದ ಅದಲುಬದಲಾದರೆ ಸಾಲ ಯಾರ ತಲೆ ಮೇಲಿದೆ ಅನ್ನುವುದೇ ಬದಲಾಗುತ್ತದೆ. ಲೈ, ಲೇ ಆಮೇಲೆ ನೋಡಿದರೂ ನಡೆಯುತ್ತದೆ. ಇಂಗ್ಲಿಷನ್ನೇ ಹುಟ್ಟಿನಿಂದ ಆಡುವವರಲ್ಲೂ ಬೇಕಾದಷ್ಟು ಜನ ಮಾತಿನಲ್ಲಿ ಮಲಗುವುದಕ್ಕೆ ಲೇ ಅಂತಲೇ ಅನ್ನುತ್ತಾರೆ, ಅರ್ಥವಂತೂ ಯಾರಿಗೂ ತಪ್ಪುವುದಿಲ್ಲ. ಅರ್ಜಿ, ವರದಿ, ಪರೀಕ್ಷೆಯ ಉತ್ತರ ಬರೆಯುವವರು ಮಾತ್ರ ಆ ಪುಟವನ್ನು ಫೋನಿನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ.